ಬೆಳಕಿನ ಲೆಕ್ಕ ಬರೆದ ಹೋಮಿ ಭಾಭಾ: ಕೇಂಬ್ರಿಜ್‌ನಿಂದ ಕೋಲಾರದ ಗಣಿಯವರೆಗೆ

ಸಾತಪುರ: ಅಕ್ಟೋಬರ್ ತಿಂಗಳ ಕೊನೆ ಬಂತೆಂದರೆ ಹೊರನಾಡ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಗಡಿಬಿಡಿ. ಆ ಗಡಿಬಿಡಿಯಲ್ಲಿ ಅಕ್ಟೋಬರ್ 30 ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಜನ್ಮದಿನವೆಂಬುದು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಭಾಭಾ ಎಂದೊಡನೆ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ನೆನಪಾಗುತ್ತದೆ. ಅವರು ಮುಂಬಯಿಯವರು, ಪಾರ್ಸಿ ಸಮಾಜದವರು, ಹಾಗಾಗಿ ಕನ್ನಡಿಗರಿಗೂ ಅವರಿಗೂ ಏನು ನಂಟು ಎಂದು ಕೇಳುವವರೂ ಉಂಟು. ಆದರೆ ಅಣು ವಿದ್ಯುತ್ತಿನ ಮಾತು ಹುಟ್ಟುವ ಮೊದಲೇ ಅವರು ಜಗತ್ತಿಗೆ ಪರಿಚಿತರಾದದ್ದು ಬೇರೊಂದು ಕೆಲಸದಿಂದ. ಬೆಳಕು ವಸ್ತುವಾಗಿ, ವಸ್ತು ಮತ್ತೆ ಬೆಳಕಾಗಿ ಬದಲಾಗುವಾಗ ಶಕ್ತಿಯ ಲೆಕ್ಕ ಹೇಗೆ ತಾಳೆಯಾಗುತ್ತದೆ ಎಂಬುದನ್ನು ಬಿಡಿಸಿ ತೋರಿಸಿದವರಲ್ಲಿ ಅವರು ಪ್ರಮುಖರು. ಆ ಕೆಲಸದ ಮುಂದಿನ ಅಧ್ಯಾಯಗಳು ಬೆಂಗಳೂರಿನಲ್ಲೂ ಕೋಲಾರದ ಚಿನ್ನದ ಗಣಿಯಲ್ಲೂ ನಡೆದವು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಮೈಸೂರು ಸಂಸ್ಥಾನದ ನಂಟು

ಭಾಭಾ ಅವರು ಜನಿಸಿದ್ದು 1909ರಲ್ಲಿ, ಮುಂಬಯಿಯಲ್ಲಿ. ಅವರ ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಯಲ್ಲಿದ್ದವರು. ತಂದೆ ಜಹಾಂಗೀರ್ ಭಾಭಾ ಬೆಳೆದದ್ದು ಬೆಂಗಳೂರಿನಲ್ಲಿ. ಅವರು ಆಕ್ಸ್‌ಫರ್ಡಿನಲ್ಲಿ ಓದಿ ವಕೀಲರಾದರು. ಸೋದರತ್ತೆ ಮೆಹರ್‌ಬಾಯಿ, ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಹೀಗೆ ಓದು ಮತ್ತು ಉದ್ಯಮ ಎರಡೂ ಬೆರೆತ ಮನೆತನ ಅದು. ಕೆಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗಳಲ್ಲಿ ಕಲಿತ ಹುಡುಗ 1927ರಲ್ಲಿ ಕೇಂಬ್ರಿಜ್‌ಗೆ ತೆರಳಿದ.

ಮನೆಯವರ ಯೋಜನೆ ಸ್ಪಷ್ಟವಾಗಿತ್ತು. ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬರಬೇಕು, ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಬೇಕು. ಆದರೆ ಕೇಂಬ್ರಿಜ್‌ನಲ್ಲಿ ಹುಡುಗನ ಮನಸ್ಸು ಭೌತಶಾಸ್ತ್ರ ಮತ್ತು ಗಣಿತದ ಕಡೆಗೆ ವಾಲಿತು. ತನಗೆ ಈ ದಾರಿಯೇ ಬೇಕೆಂದು ತಂದೆಗೆ ಪತ್ರ ಬರೆದ. ತಂದೆ ರೇಗಲಿಲ್ಲ, ಹಾಗೆಂದು ತಕ್ಷಣ ಒಪ್ಪಲೂ ಇಲ್ಲ. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ತಂದರೆ ಗಣಿತ ಓದಲು ಮತ್ತೆರಡು ವರ್ಷದ ಖರ್ಚು ಕೊಡುವುದಾಗಿ ಷರತ್ತು ಹಾಕಿದರು. 1930ರಲ್ಲಿ ಮಗ ಪ್ರಥಮ ದರ್ಜೆ ತಂದ, ತಂದೆ ಮಾತು ಉಳಿಸಿಕೊಂಡರು. 1932ರಲ್ಲಿ ಗಣಿತದಲ್ಲೂ ಪ್ರಥಮ ದರ್ಜೆ ಬಂತು. ಎಂಐಡಿಸಿಯ ಒಂದೊಂದು ಶಿಫ್ಟ್ ಮುಗಿಸಿ ಬಂದು ಮಕ್ಕಳ ಹನ್ನೆರಡನೆಯ ತರಗತಿಯ ಚಿಂತೆ ಮಾಡುವ ಸಾತಪುರ, ಅಂಬಡ್, ಸಿಡ್ಕೋ ಭಾಗದ ತಂದೆತಾಯಿಯರು ಈ ಒಪ್ಪಂದವನ್ನು ಒಮ್ಮೆ ಗಮನಿಸಬೇಕು.

ನೋಟು ಮುರಿಸಿದ ಹಾಗೆ

ಭಾಭಾ ಗಣಿತ ಮುಗಿಸಿದ ಕಾಲದಲ್ಲಿ ಭೌತಶಾಸ್ತ್ರದಲ್ಲಿ ದೊಡ್ಡ ಬದಲಾವಣೆಯೇ ನಡೆಯುತ್ತಿತ್ತು. ಕೇಂಬ್ರಿಜ್‌ನಲ್ಲಿ ಅವರಿಗೆ ಪಾಠ ಹೇಳಿದ ಪಾಲ್ ಡಿರಾಕ್, ಎಲೆಕ್ಟ್ರಾನಿನಷ್ಟೇ ತೂಕದ ಆದರೆ ಧನ ವಿದ್ಯುತ್ ಹೊತ್ತ ಕಣವೊಂದು ಇರಬೇಕೆಂದು 1931ರಲ್ಲಿ ಹೇಳಿದ್ದರು. 1932ರಲ್ಲಿ ಅಮೆರಿಕದ ಕಾರ್ಲ್ ಆ್ಯಂಡರ್ಸನ್‌ಗೆ ಅದು ಕಾಣಿಸಿಕೊಂಡಿತು. ಅದೇ ಪಾಸಿಟ್ರಾನ್. ಮರುವರ್ಷ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಬ್ಲ್ಯಾಕೆಟ್ ಮತ್ತು ಒಕಿಯಾಲಿನಿ ಅವರು ತೆಗೆದ ಚಿತ್ರಗಳಿಂದ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗಿಯೇ ಹುಟ್ಟುತ್ತವೆ ಎಂಬುದು ತಿಳಿದುಬಂತು. ಹುಟ್ಟುವುದು ಯಾವುದರಿಂದ? ಗಾಮಾ ಕಿರಣದಿಂದ, ಅಂದರೆ ಬಹಳ ಶಕ್ತಿಯ ಬೆಳಕಿನಿಂದ. ಬೆಳಕಿನ ಒಂದು ಕಣ ಇಲ್ಲವಾಗಿ ಅದರ ಜಾಗದಲ್ಲಿ ವಸ್ತುವಿನ ಎರಡು ಕಣ ಕಾಣಿಸಿಕೊಳ್ಳುತ್ತಿದ್ದವು.

ಇದೇನು ಇಂದ್ರಜಾಲವೇ ಎಂದು ಅನಿಸುವುದು ಸಹಜ. ಶಕ್ತಿಯನ್ನು ಹೊಸದಾಗಿ ಹುಟ್ಟಿಸಲಾಗದು, ಇರುವುದನ್ನು ಇಲ್ಲವಾಗಿಸಲೂ ಆಗದು, ರೂಪ ಮಾತ್ರ ಬದಲಾಗುತ್ತದೆ ಎಂಬುದು ಶಾಲೆಯ ಪಾಠ. ನಾಸಿಕದ ಏಕಲಹರೆ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ನೀರು ಹಬೆಯಾಗುತ್ತದೆ, ಹಬೆ ಟರ್ಬೈನನ್ನು ತಿರುಗಿಸುತ್ತದೆ, ಬಂದ ವಿದ್ಯುತ್ತು ಕಾರ್ಖಾನೆಯ ಲೇತ್ ಯಂತ್ರವನ್ನು ಓಡಿಸುತ್ತದೆ, ಕೊನೆಗೆ ಬಿಸಿಯಾದ ಕಬ್ಬಿಣದ ಚೂರಿನಲ್ಲಿ ಶಾಖವಾಗಿ ಹೊರಬೀಳುತ್ತದೆ. ಕೈ ಬದಲಾದರೂ ಮೊತ್ತ ಅದೇ. ವಸ್ತುವೂ ಶಕ್ತಿಯ ಇನ್ನೊಂದು ರೂಪವೇ ಎಂದು ಐನ್‌ಸ್ಟೀನ್ 1905ರಲ್ಲಿ ತೋರಿಸಿದ ಮೇಲೆ ಈ ಲೆಕ್ಕಪುಸ್ತಕದಲ್ಲಿ ಹೊಸ ಖಾತೆಯೊಂದು ತೆರೆದಂತಾಯಿತು. ಅದರ ವಿನಿಮಯ ದರ ಮಾತ್ರ ಬಹಳ ದುಬಾರಿ. ಒಂದು ಗ್ರಾಂ ವಸ್ತುವಿನ ಬೆಲೆ ಸುಮಾರು ಎರಡೂವರೆ ಕೋಟಿ ಯೂನಿಟ್ ವಿದ್ಯುತ್ತು.

ಬೆಳಕು ವಸ್ತುವಾಗುವುದೆಂದರೆ ನೋಟು ಮುರಿಸಿದ ಹಾಗೆ. ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಬೇಕೆಂದರೆ ಕನಿಷ್ಠ 10 ಲಕ್ಷ 22 ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಮನೆಯ ಟ್ಯೂಬ್‌ಲೈಟಿನ ಬೆಳಕಿನ ಒಂದು ಕಣದಲ್ಲಿ ಇರುವುದು ಕೇವಲ ಎರಡು ಮೂರು. ಅಂಥ ಚಿಲ್ಲರೆಯನ್ನು ಎಷ್ಟು ಸುರಿದರೂ ಸಾಮಾನ್ಯವಾಗಿ ವಹಿವಾಟು ನಡೆಯದು, ಒಂದೇ ನೋಟಿನಲ್ಲಿ ಪೂರ್ತಿ ಮೊತ್ತ ಇರಬೇಕು. ಕನಿಷ್ಠಕ್ಕಿಂತ ಹೆಚ್ಚಿಗೆ ಇದ್ದದ್ದು ಎರಡು ಕಣಗಳ ಓಟದ ವೇಗಕ್ಕೆ ಜಮಾ ಆಗುತ್ತದೆ.

ಅಷ್ಟೇ ಸಾಲದು. ವಿದ್ಯುತ್ತಿನ ಲೆಕ್ಕವೂ ಸರಿಹೋಗಬೇಕು. ಬೆಳಕಿಗೆ ವಿದ್ಯುದಂಶವಿಲ್ಲ, ಆದ್ದರಿಂದ ಹುಟ್ಟುವ ಜೋಡಿಯಲ್ಲಿ ಒಂದು ಋಣ, ಒಂದು ಧನ. ಸಂವೇಗ ಎಂಬ ಮೂರನೆಯ ಲೆಕ್ಕವೂ ಇದೆ. ಖಾಲಿ ಜಾಗದಲ್ಲಿ ಬೆಳಕಿನ ಒಂಟಿ ಕಣ ಜೋಡಿಯಾಗಿ ಒಡೆದರೆ ಶಕ್ತಿ ಮತ್ತು ಸಂವೇಗ ಎರಡೂ ಒಟ್ಟಿಗೆ ತಾಳೆಯಾಗುವುದಿಲ್ಲ. ಹತ್ತಿರದಲ್ಲಿ ಪರಮಾಣುವಿನ ನ್ಯೂಕ್ಲಿಯಸ್ ಒಂದಿದ್ದು, ಸಂವೇಗದ ವ್ಯತ್ಯಾಸವನ್ನು ತಾನು ಹೊತ್ತುಕೊಳ್ಳಬೇಕು. ಸಾಲಕ್ಕೆ ಜಾಮೀನುದಾರ ಇದ್ದ ಹಾಗೆ. ಸೀಸದಂತಹ ಭಾರವಾದ ಲೋಹದಲ್ಲಿ ಈ ಜೋಡಿಗಳು ಸುಲಭವಾಗಿ ಹುಟ್ಟುವುದು ಅಲ್ಲಿನ ಜಾಮೀನುದಾರ ಗಟ್ಟಿಗನಾದ್ದರಿಂದಲೇ.

ಪುಸ್ತಕವನ್ನೇ ಬಿಡುವ ಮಾತು

ಇಂದು ಇದೆಲ್ಲ ಸರಳವಾಗಿ ಕಾಣಬಹುದು. ಆದರೆ ಆ ದಿನಗಳಲ್ಲಿ ಶಕ್ತಿಯ ಲೆಕ್ಕ ನಿಜವಾಗಿಯೂ ತಾಳೆಯಾಗುತ್ತದೆಯೇ ಎಂಬ ಬಗ್ಗೆ ಘಟಾನುಘಟಿಗಳಿಗೇ ಅನುಮಾನವಿತ್ತು. ಕೆಲವು ಪರಮಾಣುಗಳು ಬೀಟಾ ಕಿರಣ ಹೊರಸೂಸುವಾಗ ಒಂದಷ್ಟು ಶಕ್ತಿ ಕಾಣೆಯಾದಂತೆ ತೋರುತ್ತಿತ್ತು. ಡೆನ್ಮಾರ್ಕಿನ ನೀಲ್ಸ್ ಬೋರ್, ಅಂಥ ಕಡೆ ಶಕ್ತಿಯ ಸಂರಕ್ಷಣೆಯ ನಿಯಮವನ್ನೇ ಕೈಬಿಡಬೇಕಾದೀತು ಎಂದಿದ್ದರು. 1936ರಲ್ಲಿ ಪ್ರಯೋಗವೊಂದರ ಫಲಿತಾಂಶ ನೋಡಿ ಡಿರಾಕ್ ಅವರೂ ಸ್ವಲ್ಪ ಕಾಲ ಅದೇ ಅನುಮಾನಕ್ಕೆ ಬಂದರು. ಮುಂದಿನ ಪ್ರಯೋಗಗಳು ಆ ಅನುಮಾನವನ್ನು ಅಳಿಸಿದವು. ಇದಕ್ಕೆ ವಿರುದ್ಧವಾಗಿ ವುಲ್ಫ್‌ಗಾಂಗ್ ಪೌಲಿ ಅವರು 1930ರಲ್ಲೇ ಬೇರೆ ಮಾತು ಹೇಳಿದ್ದರು. ನಿಯಮ ತಪ್ಪಲ್ಲ, ಕಣ್ಣಿಗೆ ಬೀಳದ ಕಣವೊಂದು ಆ ಶಕ್ತಿಯನ್ನು ಹೊತ್ತೊಯ್ಯುತ್ತಿದೆ ಎಂಬುದು ಅವರ ವಾದ. ಆ ಕಣಕ್ಕೆ ಮುಂದೆ ನ್ಯೂಟ್ರಿನೊ ಎಂಬ ಹೆಸರು ಬಂತು.

ಯುವಕ ಭಾಭಾ ವಿದ್ಯಾರ್ಥಿವೇತನ ಪಡೆದು ಸುತ್ತಿದ್ದು ಇವರ ನಡುವೆಯೇ. ಜ್ಯೂರಿಕ್‌ನಲ್ಲಿ ಪೌಲಿ ಅವರ ಬಳಿ, ರೋಮ್‌ನಲ್ಲಿ ಫರ್ಮಿ ಅವರ ಬಳಿ, ಕೋಪನ್‌ಹೇಗನ್‌ನಲ್ಲಿ ಬೋರ್ ಅವರ ಬಳಿ ಅವರು ಕಾಲ ಕಳೆದರು. ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚು ತಾಳೆಯಾಗದಿದ್ದಾಗ ಪುಸ್ತಕವೇ ಸರಿಯಿಲ್ಲ ಎನ್ನುವವರೂ ಇರುತ್ತಾರೆ, ಯಾವುದೋ ರಸೀದಿ ಬಿಟ್ಟುಹೋಗಿದೆ, ಹುಡುಕಿ ಎನ್ನುವವರೂ ಇರುತ್ತಾರೆ. ಭಾಭಾ ಅವರ ಕೆಲಸವೆಲ್ಲ ಎರಡನೆಯ ಬಗೆಯದು.

1935ರಲ್ಲಿ ಅವರು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಢಿಕ್ಕಿ ಹೊಡೆದಾಗ ಏನಾಗುತ್ತದೆ ಎಂಬ ಲೆಕ್ಕ ಹಾಕಿದರು. ಅವೆರಡೂ ಬಿಲಿಯರ್ಡ್ಸ್ ಚೆಂಡುಗಳಂತೆ ಬರೀ ಚದುರುವುದಿಲ್ಲ. ಜೋಡಿ ಅಳಿದು ಬೆಳಕಾಗಿ, ಆ ಬೆಳಕು ಮರುಕ್ಷಣವೇ ಹೊಸ ಜೋಡಿಯಾಗುವ ದಾರಿಯೂ ಇದೆ. ಆ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು ಎಂದು ಅವರು ತೋರಿಸಿದರು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಭಾಭಾ ಚದುರುವಿಕೆ ಎಂದೇ ಹೆಸರು. 1989ರಿಂದ 2000ದವರೆಗೆ ಜಿನೀವಾ ಬಳಿ ನಡೆದ ದೊಡ್ಡ ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರದಲ್ಲಿ ಎಷ್ಟು ಢಿಕ್ಕಿಗಳಾದವು ಎಂದು ಎಣಿಸಲು ಅಳತೆಗೋಲಾಗಿ ಬಳಕೆಯಾದದ್ದು ಇದೇ ಲೆಕ್ಕ.

ಅದಕ್ಕಿಂತ ದೊಡ್ಡ ಹೆಸರು ತಂದದ್ದು 1937ರ ಕೆಲಸ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯನ್ನು ಹೊಕ್ಕಾಗ ಒಮ್ಮೆಲೇ ನೂರಾರು ಕಣಗಳ ಸುರಿಮಳೆಯಾಗುತ್ತಿತ್ತು. ಇದಕ್ಕೆ ಕಾರಣ ತಿಳಿಯದೆ, ಹೆಚ್ಚಿನ ಶಕ್ತಿಯಲ್ಲಿ ಹಳೆಯ ಸಿದ್ಧಾಂತ ಕುಸಿಯುತ್ತದೆ ಎಂದು ಹಲವರು ಭಾವಿಸಿದ್ದರು. ಭಾಭಾ ಮತ್ತು ವಾಲ್ಟರ್ ಹೈಟ್ಲರ್ ಸೇರಿ, ಸಿದ್ಧಾಂತವನ್ನು ಬದಲಿಸದೆಯೇ ಈ ಮಳೆಯನ್ನು ವಿವರಿಸಿದರು. ವೇಗದ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಬಳಿ ಬ್ರೇಕ್ ಬಿದ್ದಂತಾಗಿ ಗಾಮಾ ಕಿರಣ ಬಿಡುತ್ತದೆ. ಆ ಕಿರಣ ಜೋಡಿಯಾಗಿ ಒಡೆಯುತ್ತದೆ. ಆ ಜೋಡಿ ಮತ್ತೆ ಕಿರಣ ಬಿಡುತ್ತದೆ. ಹೆಜ್ಜೆಗೊಮ್ಮೆ ದುಪ್ಪಟ್ಟಾದರೂ ಹತ್ತು ಹೆಜ್ಜೆಗೆ ಒಂದು ಸಾವಿರ ದಾಟುತ್ತದೆ, ಇಪ್ಪತ್ತು ಹೆಜ್ಜೆಗೆ ಹತ್ತು ಲಕ್ಷ.

ಇಷ್ಟೊಂದು ಕಣಗಳು ಹುಟ್ಟಿದರೂ ಶಕ್ತಿ ಒಂದು ಕಾಸೂ ಹೆಚ್ಚಾಗುವುದಿಲ್ಲ. ಅಜ್ಜನ ಆಸ್ತಿ ಮೊಮ್ಮಕ್ಕಳಲ್ಲಿ ಪಾಲಾದಂತೆ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತ ಹೋಗುತ್ತದೆ. ಗಾಳಿಯಲ್ಲಿ ಒಂದು ಕಣದ ಪಾಲು ಸುಮಾರು 8 ಕೋಟಿ ಎಲೆಕ್ಟ್ರಾನ್ ವೋಲ್ಟಿಗಿಂತ ಕೆಳಗಿಳಿದ ಮೇಲೆ ಮಳೆ ಕ್ಷೀಣಿಸಿ ನಿಲ್ಲುತ್ತದೆ. ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಅವರು ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು.

ಹಾಗೆಂದು ಎಲ್ಲವೂ ತಾಳೆಯಾಗಲಿಲ್ಲ. ಕೆಲವು ಕಣಗಳು ಮಳೆಗರೆಯದೆ ಸೀಸದ ದಪ್ಪ ಹಲಗೆಯನ್ನೂ ದಾಟಿ ಹೋಗುತ್ತಿದ್ದವು. ಅವು ಎಲೆಕ್ಟ್ರಾನ್ ಆಗಿರಲಾರವು, ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಬೇರೆ ಕಣಗಳಿರಬೇಕು ಎಂದು ಭಾಭಾ ವಾದಿಸಿದರು. ಅಮೆರಿಕದ ಪ್ರಯೋಗಗಳಲ್ಲೂ ಅಂಥ ಕಣ ಕಾಣಿಸಿತು. ಅದೇ ಇಂದಿನ ಮ್ಯೂಆನ್, ಎಲೆಕ್ಟ್ರಾನಿನ ಸುಮಾರು 207 ಪಟ್ಟು ಭಾರ. ಈ ನಡುವಣ ಭಾರದ ಕಣಗಳಿಗೆ ಮೆಸಾನ್ ಎಂಬ ಹೆಸರನ್ನು 1939ರಲ್ಲಿ ಸೂಚಿಸಿದವರಲ್ಲಿ ಅವರೂ ಒಬ್ಬರು. ಹೀಗೆ ಲೆಕ್ಕಕ್ಕೆ ಸಿಗದೆ ಉಳಿದ ಬಾಕಿಯೇ ಹೊಸ ಕಣದ ಗುರುತಾಯಿತು.

ಬೆಂಗಳೂರಿನ ವರ್ಷಗಳು

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಮರಳುವುದು ಸಾಧ್ಯವಾಗಲಿಲ್ಲ. ಸರ್ ಸಿ.ವಿ. ರಾಮನ್ ಅವರು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ರೀಡರ್ ಆಗಿ ಸೇರಿದರು. ಅಜ್ಜ ದುಡಿದ, ತಂದೆ ಬೆಳೆದ ಮೈಸೂರು ಸೀಮೆಗೆ ಮೊಮ್ಮಗ ಯುದ್ಧದ ನೆಪದಲ್ಲಿ ಬಂದಂತಾಯಿತು. ಟಾಟಾ ಟ್ರಸ್ಟಿನ ನೆರವಿನಿಂದ ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ಆರಂಭವಾಯಿತು. ಭೂಮಿಯ ಕಾಂತೀಯ ಸಮಭಾಜಕಕ್ಕೆ ಬೆಂಗಳೂರು ಸಮೀಪವಿರುವುದರಿಂದ ವಿಶ್ವಕಿರಣಗಳ ಅಧ್ಯಯನಕ್ಕೆ ಅದು ಹೇಳಿಮಾಡಿಸಿದ ಊರು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳಲ್ಲಿ ಉಪಕರಣಗಳನ್ನು ಏರಿಸಿ ಬೆಂಗಳೂರಿನ ಆಕಾಶದಲ್ಲಿ ಮೆಸಾನ್‌ಗಳನ್ನು ಎಣಿಸಲಾಯಿತು. 1941ರಲ್ಲಿ, 32ನೆಯ ವಯಸ್ಸು ತುಂಬುವ ಮೊದಲೇ, ಭಾಭಾ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಯುದ್ಧ ಮುಗಿದರೆ ವಿದೇಶದ ಬಾಗಿಲು ತೆರೆದೇ ಇತ್ತು. ಆದರೆ ಬೆಂಗಳೂರಿನಲ್ಲಿದ್ದಾಗಲೇ ಅವರು ಇಲ್ಲಿಯೇ ಉಳಿಯಲು ನಿರ್ಧರಿಸಿದರು. 1944ರ ಮಾರ್ಚ್ 12ರಂದು ಟಾಟಾ ಟ್ರಸ್ಟಿಗೆ ಪತ್ರ ಬರೆದು, ಮೂಲ ವಿಜ್ಞಾನಕ್ಕೆ ಒಂದು ಸಂಸ್ಥೆ ಬೇಕು, ಮುಂದೆ ಅಣುಶಕ್ತಿಯ ಕಾಲ ಬಂದಾಗ ದೇಶವು ತಜ್ಞರಿಗಾಗಿ ಹೊರಗೆ ಕೈಚಾಚಬಾರದು ಎಂದು ವಿವರಿಸಿದರು. ಅದರಂತೆ 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಾರ್ಯಾರಂಭ ಮಾಡಿದ್ದು ಬೆಂಗಳೂರಿನಲ್ಲೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಯ ಪೆಡ್ಡರ್ ರಸ್ತೆಯ ಬಂಗಲೆಗೆ ಬಂತು, ಕೆಲ ವರ್ಷಗಳ ಬಳಿಕ ಕೊಲಾಬಾದ ಸಮುದ್ರ ದಂಡೆಯಲ್ಲಿ ನೆಲೆಯೂರಿತು.

ಕೋಲಾರದಲ್ಲಿ ಸಿಕ್ಕ ರಸೀದಿ

ಸಂಸ್ಥೆ ಮುಂಬಯಿಗೆ ಬಂದರೂ ಕರ್ನಾಟಕದ ನಂಟು ಕಡಿಯಲಿಲ್ಲ. 1948ರಲ್ಲಿ ಸಂಸ್ಥೆ ಸೇರಿದ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನು ಭಾಭಾ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ಗಣಿಯಾಳಕ್ಕೆ ಇಳಿದಷ್ಟೂ ತಲೆಯ ಮೇಲಿನ ಬಂಡೆ ಹೆಚ್ಚುತ್ತದೆ, ಅದನ್ನು ತೂರಿ ಬರುವ ಮ್ಯೂಆನ್‌ಗಳು ಕಡಿಮೆಯಾಗುತ್ತವೆ. ಹಲವು ಆಳಗಳಲ್ಲಿ ಅವುಗಳನ್ನು ಎಣಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ತೀರಾ ಆಳಕ್ಕೆ ಹೋದಾಗ ಎಣಿಕೆ ಸೊನ್ನೆಗೆ ಹತ್ತಿರವಾಯಿತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊ ಬಂದರೂ ಗುರುತಿಸಬಹುದು ಎಂಬ ಯೋಚನೆ ಹುಟ್ಟಿದ್ದು ಹೀಗೆ.

1956ರಲ್ಲಿ ಅಮೆರಿಕದ ಅಣು ರಿಯಾಕ್ಟರ್ ಒಂದರ ಬಳಿ ನ್ಯೂಟ್ರಿನೊ ಮೊದಲು ಪತ್ತೆಯಾಗಿತ್ತು. ಆದರೆ ವಿಶ್ವಕಿರಣಗಳಿಂದ ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಯಾರೂ ಕಂಡಿರಲಿಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಟಾಟಾ ಸಂಸ್ಥೆ ಹಾಗೂ ಜಪಾನ್, ಇಂಗ್ಲೆಂಡ್‌ಗಳ ವಿಜ್ಞಾನಿಗಳ ತಂಡ ಅವುಗಳ ಗುರುತನ್ನು ದಾಖಲಿಸಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡಕ್ಕೆ ಅವು ಸಿಕ್ಕವು. ಶಕ್ತಿಯ ಲೆಕ್ಕ ಉಳಿಸಲು ಪೌಲಿ ಊಹಿಸಿದ್ದ ಕಣವನ್ನು, ಅವರ ಬಳಿ ಕಲಿತ ಭಾಭಾ ಅವರ ಸಂಸ್ಥೆ ಕನ್ನಡನಾಡಿನ ನೆಲದಾಳದಲ್ಲಿ ಗುರುತಿಸಿದ್ದು ವಿಶೇಷ. ಶ್ರೀಕಂಠನ್ ಅವರು 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾಗಿದ್ದರು. ಗಣಿ 2001ರಲ್ಲಿ ಮುಚ್ಚಿತು.

ವಸ್ತುವಿನಿಂದ ಶಕ್ತಿಗೆ

ಬೆಳಕು ವಸ್ತುವಾಗುವ ಲೆಕ್ಕದ ತಿರುವುಮುರುವೇ ಅಣು ವಿದ್ಯುತ್ತು. ಒಂದು ಕಿಲೋ ಯುರೇನಿಯಂ-235 ಪೂರ್ತಿ ಒಡೆದರೆ ಒಂದು ಗ್ರಾಂಗಿಂತ ಸ್ವಲ್ಪ ಕಡಿಮೆ ವಸ್ತು ಶಕ್ತಿಯಾಗಿ ಹೊರಬರುತ್ತದೆ. 1948ರ ಆಗಸ್ಟ್ 10ರಂದು ರಚನೆಯಾದ ಅಣುಶಕ್ತಿ ಆಯೋಗಕ್ಕೆ ಭಾಭಾ ಅಧ್ಯಕ್ಷರಾದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡಿತು. 1949ರಲ್ಲಿ ಅವರ ಸಂಸ್ಥೆ ಸೇರಿದ ತುಮಕೂರಿನ ರಾಜಾ ರಾಮಣ್ಣ ಮುಂದೆ ಟ್ರಾಂಬೆಯ ಕೇಂದ್ರದ ನಿರ್ದೇಶಕರಾಗಿ, 1974ರ ಪೋಖರಣ್ ಸ್ಫೋಟದ ನೇತೃತ್ವ ವಹಿಸಿದರು. ಮಹಾರಾಷ್ಟ್ರದ ತಾರಾಪುರ ಸ್ಥಾವರ 1969ರಲ್ಲಿ ವಿದ್ಯುತ್ ಕೊಡತೊಡಗಿತು.

ಈ ದಾರಿಯನ್ನು ಎಲ್ಲರೂ ಒಪ್ಪಿದರೆಂದಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಸ್ಥಾವರ ಬರುವಾಗ ಡಾ. ಶಿವರಾಮ ಕಾರಂತರು ಅದನ್ನು ಕಟುವಾಗಿ ವಿರೋಧಿಸಿ, 1989ರಲ್ಲಿ ಇಳಿವಯಸ್ಸಿನಲ್ಲೂ ಲೋಕಸಭಾ ಚುನಾವಣೆಗೆ ನಿಂತಿದ್ದರು. ಕಾಡು, ಹೊಳೆ ಮತ್ತು ಮುಂದಿನ ತಲೆಮಾರುಗಳು ತೆರುವ ಬೆಲೆಯೂ ಜಮಾ-ಖರ್ಚಿನ ಪಟ್ಟಿಯಲ್ಲಿ ಬರಬೇಕು ಎಂಬ ಆ ಪ್ರಶ್ನೆಗೆ ಭಾಭಾ ಅವರನ್ನು ಗೌರವಿಸುವವರೂ ಉತ್ತರಿಸಬೇಕಾಗುತ್ತದೆ.

1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್‌ಗೆ ಬಡಿಯಿತು. ವಿಮಾನದಲ್ಲಿದ್ದ 117 ಮಂದಿಯೂ ಮೃತಪಟ್ಟರು. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದ್ದೂ ಅದೇ ದಿನ. ಅವಿವಾಹಿತರಾಗಿದ್ದ ಭಾಭಾ ಅವರಿಗೆ ಆಗ 56 ವರ್ಷ. ಚಿತ್ರಕಲೆ ಮತ್ತು ಪಾಶ್ಚಾತ್ಯ ಸಂಗೀತ ಅವರ ಪ್ರೀತಿಯ ವಿಷಯಗಳಾಗಿದ್ದವು. 1967ರಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಅವರು ಕೈಹಚ್ಚಿದ ವಿಷಯ ಇನ್ನೂ ಮುಗಿದಿಲ್ಲ. ಬೆಳಕಿಗೆ ಬೆಳಕು ಢಿಕ್ಕಿ ಹೊಡೆದು ನೇರವಾಗಿ ವಸ್ತುವಾಗಬಹುದು ಎಂದು ಬ್ರೈಟ್ ಮತ್ತು ವೀಲರ್ 1934ರಲ್ಲೇ ಲೆಕ್ಕ ಹಾಕಿದ್ದರು. ಚಿನ್ನದ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಅವುಗಳ ಸುತ್ತಲಿನ ಬೆಳಕಿನ ಕಣಗಳು ಪರಸ್ಪರ ತಾಗಿದಾಗ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳು ಹುಟ್ಟಿದ್ದನ್ನು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ 2021ರಲ್ಲಿ ವರದಿ ಮಾಡಿತು. ಲೆಕ್ಕಕ್ಕೂ ಆ ವರದಿಗೂ ನಡುವೆ 87 ವರ್ಷ.

ಇಷ್ಟು ದೀರ್ಘ ಕಾಲದ ಕೆಲಸಕ್ಕೆ ಹೊಸ ಕೈಗಳು ಬೇಕು. ಹತ್ತನೆಯ, ಹನ್ನೆರಡನೆಯ ತರಗತಿಯ ಮಕ್ಕಳನ್ನು ಸಂಘದ ವೇದಿಕೆಗೆ ಕರೆದು ಸನ್ಮಾನಿಸುವಾಗ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಪಡೆದವರ ಜತೆಗೆ ಬಿಎಸ್‌ಸಿ ಆರಿಸಿಕೊಂಡ ಒಂದಿಬ್ಬರೂ ಅಲ್ಲಿರಲಿ. ಭೌತಶಾಸ್ತ್ರ ಓದುತ್ತೇನೆ ಎಂದು ಮನೆಯಲ್ಲಿ ಮಗನೋ ಮಗಳೋ ಹೇಳಿದರೆ, ಜಹಾಂಗೀರ್ ಭಾಭಾ ಮಾಡಿದಂತೆ ಒಂದು ಷರತ್ತು ಹಾಕಬಹುದು. ಮಕ್ಕಳು ಷರತ್ತು ಪೂರೈಸಿದ ದಿನ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಮಾತ್ರ ಹಿರಿಯರ ಪಾಲಿನ ಕೆಲಸ.